ಗನ್ನಿಲ್ಲದ ಗಾಡಿ

ಕಳೆದ ಮಳೆಗಾಲದ ಒಂದು ಭಾನುವಾರ. ಪುಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು, ನೇಲ್ ಕಟರ್ ಹಿಡಿದು, ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ತುಂಡು ಬಿಡಿಸುತ್ತ ಕೂತಿದ್ದೆ. ಮಗಳು ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು.

"ಅಪ್ಪಾ, ಇದು ಟ್ಯಾಂಕಾ?"

"ಅಲ್ಲ."

"ಮತ್ತೆ ಲಾರಿನಾ?"

"ಲಾರಿ ಥರಾನೇ. ಸುತ್ತ ಉಕ್ಕಿನ ತಗಡು ಹೊದಿಸಿದಾರೆ."

"ಗನ್ ಎಲ್ಲಿ?"

ಗನ್ ಇಲ್ಲ ಎಂದೆ. ಒಳಗೆ ಏನಿದೆ ಎಂದು ಕೇಳಿದಳು. ಎರಡು ರೇಡಿಯೊ, ಒಂದು ಮೇಜು, ಕೆಲವು ನಕಾಶೆ, ಕೂರಲು ಕುರ್ಚಿ ಎಂದು ಹೇಳಿದೆ. "ಅಂದ್ರೆ ಆಫೀಸು!" ಎಂದು ನಿರಾಸೆಯಿಂದ ಎದ್ದು ಹೋದಳು.

ಅವಳು ಹೇಳಿದ್ದು ಸರಿಯೇ. ನಾನು ಕಟ್ಟುತ್ತಿದ್ದುದು ಒಂದು ಆಫೀಸನ್ನೇ. ಹೆಸರು ಎಇಸಿ ಡಾರ್ಚೆಸ್ಟರ್, ಎರಡನೇ ಮಹಾಯುದ್ಧದ ಬ್ರಿಟಿಷ್ ಕಮಾಂಡ್ ಗಾಡಿ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳನ್ನು ಮಾಡುತ್ತಿದ್ದ ಸೌತಾಲಿನ ಎಇಸಿ ಕಾರ್ಖಾನೆಯೇ ಇದನ್ನೂ ಮಾಡಿತು. ಅದೇ ಕಾರ್ಖಾನೆಯ ಮಾಟಡಾರ್ ಎಂಬ, ಫಿರಂಗಿ ಎಳೆಯುವ ಲಾರಿಯ ಚಾಸಿಸ್ ತೆಗೆದುಕೊಂಡು ಅದರ ಮೇಲೆ ಉಕ್ಕಿನ ಪೆಟ್ಟಿಗೆ ಕೂರಿಸಿದರು. ಉದ್ದ ಸುಮಾರು 6.1 ಮೀಟರ್, ಎತ್ತರ ಸುಮಾರು 2.9 ಮೀಟರ್, ತೂಕ ಹನ್ನೆರಡು ಟನ್ನಿನ ಆಸುಪಾಸು, ಎಳೆಯಲು 95 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಯುದ್ಧ ಮುಗಿಯುವ ಹೊತ್ತಿಗೆ ಇಂಥವು ನಾನೂರಕ್ಕಿಂತ ಹೆಚ್ಚು ತಯಾರಾಗಿದ್ದವು. ಡಾರ್ಚೆಸ್ಟರ್ ಎನ್ನುವುದು ಲಂಡನ್ನಿನ ಪಾರ್ಕ್ ಲೇನ್‌ನಲ್ಲಿ 1931ರಲ್ಲಿ ಬಾಗಿಲು ತೆರೆದ ಐಷಾರಾಮಿ ಹೋಟೆಲಿನ ಹೆಸರು. ಕಾಂಕ್ರೀಟಿನ ಗಟ್ಟಿ ಕಟ್ಟಡವಾದ್ದರಿಂದ ಜರ್ಮನ್ ಬಾಂಬುಗಳಿಗೆ ಹೆದರಿದ ದೊಡ್ಡವರೆಲ್ಲ ಅಲ್ಲಿಗೆ ಓಡಿ ಬರುತ್ತಿದ್ದರಂತೆ. ಬಿಸಿಲಲ್ಲಿ, ಮರಳಲ್ಲಿ, ತೆರೆದ ಲಾರಿಯ ಹಿಂಬದಿಯಲ್ಲಿ ಮಲಗುವ ಸಿಪಾಯಿಗೆ ಈ ಗಾಡಿ ಹಾಗೆಯೇ ಕಂಡಿರಬೇಕು. ಹೆಸರಿನಲ್ಲಿ ಸ್ವಲ್ಪ ಕುಹಕವೂ ಇದೆ ಎಂದೇ ನನ್ನ ಅಂದಾಜು.

1/35 ಅಳತೆಗೆ ಇಳಿಸಿದರೆ ಇದು ಹದಿನೇಳೂವರೆ ಸೆಂಟಿಮೀಟರ್ ಉದ್ದ, ಎಂಟಕ್ಕಿಂತ ಚೂರು ಹೆಚ್ಚು ಎತ್ತರ. ಮಾದರಿ ಕಟ್ಟುವವರ ಲೋಕದಲ್ಲಿ ಸೇನಾ ವಾಹನ ಎಂದರೆ ಈ 1/35 ಒಂದು ರೂಢಿ. 35 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇನ್ನೂ ವಿಚಿತ್ರ. ಜಪಾನಿನ ಟಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದು ನೋಡಿದರೆ ಮೂವತ್ತೈದನೇ ಒಂದು ಪಾಲು ಬಂತು. ಉಳಿದವರೆಲ್ಲ ಅದನ್ನೇ ಹಿಡಿದರು.

ನನ್ನ ಕಿಟ್ ತೈವಾನಿನ ಎಎಫ್‌ವಿ ಕ್ಲಬ್‌ನದು. ಈ ಕಂಪನಿ ಡಾರ್ಚೆಸ್ಟರನ್ನು ಎರಡು ರೂಪದಲ್ಲಿ ಮಾರಿದೆ. ಒಂದು ಬ್ರಿಟಿಷ್ ಸೇನೆಯದು, ಇನ್ನೊಂದು "ರೊಮೆಲ್‌ನ ಮ್ಯಾಮತ್". ನಾನು ತರಿಸಿದ್ದು ಎರಡನೆಯದನ್ನು. ನಾಚಿಕೆಯಿಲ್ಲದೆ ಹೇಳುತ್ತೇನೆ: ಪೆಟ್ಟಿಗೆಯ ಮೇಲೆ ರೊಮೆಲ್ ಹೆಸರಿತ್ತು, ಅದಕ್ಕೇ ತರಿಸಿದೆ. ಈ ಹವ್ಯಾಸದ ಅಂಗಡಿಗಳಲ್ಲಿ ಜರ್ಮನ್ ಗಾಡಿಗಳಿಗೆ ಇರುವಷ್ಟು ಜಾಗ ಬೇರೆ ಯಾರಿಗೂ ಇಲ್ಲ. ಗೆದ್ದವರ ಗಾಡಿಗಿಂತ ಸೋತವರ ಗಾಡಿ ಚೆನ್ನಾಗಿ ಮಾರಾಟವಾಗುತ್ತದೆ.

ಬ್ರಿಟಿಷ್ ಗಾಡಿ ಜರ್ಮನ್ ಸೇನಾನಿಯದಾದದ್ದು ಹೇಗೆ? ಅದನ್ನು ತಿಳಿಯದೆ ಬಣ್ಣ ಹಚ್ಚುವ ಹಾಗಿರಲಿಲ್ಲ. ಚಾಸಿಸ್ ಅಂಟು ಒಣಗುವ ಹೊತ್ತಿನಲ್ಲಿ ಓದಲು ಕೂತೆ. ಓದುತ್ತ ಹೋದಂತೆ ಕಿಟ್ ಎರಡು ತಿಂಗಳು ಹಾಗೇ ಉಳಿಯಿತು.

1941ರ ಫೆಬ್ರವರಿ 12ರಂದು ರೊಮೆಲ್ ಲಿಬಿಯಾದ ಟ್ರಿಪೊಲಿಗೆ ಬಂದಿಳಿದ. ಅದಕ್ಕೆ ಕೆಲವೇ ದಿನ ಮೊದಲು ಬ್ರಿಟಿಷರು ಇಟಲಿಯ ಹತ್ತನೇ ಸೇನೆಯನ್ನು ಪೂರ್ತಿ ಸೆರೆ ಹಿಡಿದಿದ್ದರು. ಗೆಲುವಿನ ನಂತರ ಅನುಭವಿ ಪಡೆಗಳನ್ನು ಗ್ರೀಸಿಗೆ, ಈಜಿಪ್ಟಿಗೆ ಕಳಿಸಿ, ಮರುಭೂಮಿಗೆ ಹೊಸಬರನ್ನು ತಂದು ನಿಲ್ಲಿಸಿದ್ದರು. ಮಾರ್ಚ್ ಕೊನೆಯಲ್ಲಿ ರೊಮೆಲ್ ಮುನ್ನುಗ್ಗಿದಾಗ ಎದುರಿಗಿದ್ದ ಎರಡನೇ ಆರ್ಮರ್ಡ್ ಡಿವಿಜನ್ ಒಂದು ವಾರದೊಳಗೆ ಚೂರುಚೂರಾಯಿತು. ಟ್ಯಾಂಕುಗಳು ಗುಂಡು ತಿಂದು ಕೆಟ್ಟದ್ದಕ್ಕಿಂತ ದಾರಿಯಲ್ಲಿ ಕೆಟ್ಟು ನಿಂತದ್ದೇ ಹೆಚ್ಚು. ಪೆಟ್ರೋಲು ಸಿಗುತ್ತದೆಂದು ಎಂಸುಸ್ ಎಂಬಲ್ಲಿಗೆ ಹೋದರೆ, ಶತ್ರು ಬಂದನೆಂಬ ಸುದ್ದಿ ಕೇಳಿ ಆ ದಾಸ್ತಾನನ್ನು ಅಲ್ಲಿದ್ದವರೇ ಸುಟ್ಟುಹಾಕಿದ್ದರು. ಮುಖ್ಯಾಲಯಕ್ಕೂ ದಳಗಳಿಗೂ ಸಂಪರ್ಕ ತಪ್ಪಿತು. ಸದಾ ಓಡುತ್ತಿದ್ದುದರಿಂದ ರೇಡಿಯೊ ಬ್ಯಾಟರಿಗಳನ್ನು ಚಾರ್ಜ್ ಮಾಡಲೂ ಪುರುಸೊತ್ತಿರಲಿಲ್ಲ. ಏಪ್ರಿಲ್ 6ರ ರಾತ್ರಿ ಜನರಲ್ ನೀಮ್ ಮತ್ತು ಜನರಲ್ ಓಕಾನರ್ ಒಂದೇ ಕಾರಿನಲ್ಲಿ ಹಿಂದೆ ಸರಿಯುವಾಗ ದಾರಿ ತಪ್ಪಿ ಜರ್ಮನರ ಕೈಗೆ ಸಿಕ್ಕಿಬಿದ್ದರು. ಎರಡು ತಿಂಗಳ ಹಿಂದೆ ಇಟಲಿಯವರನ್ನು ಸೋಲಿಸಿದ ಓಕಾನರ್ ಒಬ್ಬ ಮೋಟಾರ್‌ಸೈಕಲ್ ತುಕಡಿಗೆ ಸೆರೆಯಾದದ್ದನ್ನು ಓದುವಾಗ, ಯುದ್ಧದಲ್ಲಿ ಗಾಡಿಯೊಳಗಿನ ಆಫೀಸಿನ ಬೆಲೆ ಏನೆಂದು ಹೊಳೆಯಿತು. ತೋಪು, ಟ್ಯಾಂಕು ಎಷ್ಟಿದ್ದರೂ ಯಾರು ಎಲ್ಲಿದ್ದಾರೆಂದು ಗೊತ್ತಿಲ್ಲದಿದ್ದರೆ ಅದು ಸೇನೆಯಲ್ಲ, ಜಾತ್ರೆಯಲ್ಲಿ ಕೈ ಬಿಟ್ಟ ಮಕ್ಕಳ ಗುಂಪು.

ಈ ಗೊಂದಲದ ನಡುವೆ ಮೆಕಿಲಿ ಎಂಬಲ್ಲಿ ಒಂದು ಪಡೆ ನಿಂತಿತು. ಮೆಕಿಲಿ ಊರಲ್ಲ. ಮಣ್ಣಿನ ಹಳೆಯ ಕೋಟೆ, ಕೆಲವು ಬಾವಿಗಳು, ಮರುಭೂಮಿಯ ನಾಲ್ಕಾರು ದಾರಿಗಳು ಕೂಡುವ ಜಾಗ. ಅಲ್ಲಿದ್ದದ್ದು ಮೂರನೇ ಇಂಡಿಯನ್ ಮೋಟಾರ್ ಬ್ರಿಗೇಡ್: ಎರಡನೇ ರಾಯಲ್ ಲ್ಯಾನ್ಸರ್ಸ್, ಹನ್ನೊಂದನೇ ಪಿಎವಿಒ ಕ್ಯಾವಲ್ರಿ, ಹದಿನೆಂಟನೇ ಕ್ಯಾವಲ್ರಿ. ಹೆಸರಲ್ಲಿ ಅಶ್ವದಳ, ಕುದುರೆ ಇಲ್ಲ. ಹೆಸರಲ್ಲಿ ಮೋಟಾರು, ಕವಚವಿಲ್ಲ. ತೆರೆದ ಲಾರಿಗಳಲ್ಲಿ ಕೂತು ರೈಫಲ್ ಹಿಡಿದ ಸವಾರರು. ಇದನ್ನು ಓದುವ ತನಕ ಮೆಕಿಲಿಯಲ್ಲಿ ಭಾರತೀಯರಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅವರಿಲ್ಲ.

ಏಪ್ರಿಲ್ 6ರ ರಾತ್ರಿ, ದಿಕ್ಕೆಟ್ಟ ಎರಡನೇ ಆರ್ಮರ್ಡ್ ಡಿವಿಜನ್ನಿನ ಮುಖ್ಯಾಲಯ ತನ್ನ ಡಾರ್ಚೆಸ್ಟರ್ ಗಾಡಿಗಳ ಸಮೇತ ಮೆಕಿಲಿಗೆ ಬಂದು ಸೇರಿತು. ಜನರಲ್ ಗ್ಯಾಂಬಿಯರ್-ಪ್ಯಾರಿ ಬಂದರು, ಅವರ ಟ್ಯಾಂಕುಗಳು ಬರಲಿಲ್ಲ. ಸುತ್ತ ಜರ್ಮನರು, ಇಟಲಿಯ ಬೆರ್ಸಾಲಿಯೇರಿ ಪಡೆಯವರು. ಶರಣಾಗುವಂತೆ ಮತ್ತೆ ಮತ್ತೆ ದೂತರು ಬಂದರು, ಬಂದವರನ್ನು ಬರಿಗೈಯಲ್ಲಿ ಕಳಿಸಲಾಯಿತು. 8ರ ಬೆಳಗಿನ ಜಾವ ಸುತ್ತುವರಿದ ಸಾಲನ್ನು ಸೀಳಿ ಹೊರಬೀಳುವ ಯತ್ನ. ಮುಂದೆ ನುಗ್ಗಿದ್ದು ಹದಿನೆಂಟನೇ ಕ್ಯಾವಲ್ರಿಯ ಒಂದು ಸ್ಕ್ವಾಡ್ರನ್. ಲಾರಿಗಳಲ್ಲಿ ಕೂತು ನೇರ ಫಿರಂಗಿಗಳ ಮೇಲೇ ಹೋದರು. ಕೆಲವರು ಪಾರಾದರು. ಎರಡನೇ ಲ್ಯಾನ್ಸರ್ಸ್‌ನ ಮೇಜರ್ ರಾಜೇಂದ್ರಸಿಂಹಜಿ ಜಡೇಜಾ ತಮ್ಮ ಸ್ಕ್ವಾಡ್ರನ್ನನ್ನು ಮುನ್ನಡೆಸಿ ಹೊರಬಂದರು. ಆ ಯುದ್ಧದಲ್ಲಿ ಡಿಎಸ್‌ಒ ಪದಕ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. 1953ರಲ್ಲಿ ಸ್ವತಂತ್ರ ಭಾರತದ ಸೇನೆಯ ಮುಖ್ಯಸ್ಥರೂ ಆದರು. ಹಿಂದೆ ಉಳಿದವರು, ಮುಖ್ಯಾಲಯದ ಸಿಬ್ಬಂದಿಯೂ ಸೇರಿ ಸಾವಿರಕ್ಕಿಂತ ಹೆಚ್ಚು ಜನ, ಗ್ಯಾಂಬಿಯರ್-ಪ್ಯಾರಿಯವರ ಜೊತೆಗೇ ಸೆರೆಯಾದರು.

ಮೂರು ಡಾರ್ಚೆಸ್ಟರ್‌ಗಳು ಸುಸ್ಥಿತಿಯಲ್ಲಿ ಸಿಕ್ಕವು. ಅವನ್ನು ನೋಡಲು ಬಂದ ರೊಮೆಲ್ ಬ್ರಿಟಿಷ್ ಸಾಮಾನುಗಳ ನಡುವೆ ಬಿದ್ದಿದ್ದ ಒಂದು ಜೊತೆ ದೊಡ್ಡ ಕನ್ನಡಕ ಎತ್ತಿಕೊಂಡು ಟೋಪಿಯ ಮೇಲೆ ಏರಿಸಿದ. ಕೊಳ್ಳೆಯಲ್ಲಿ ಇಷ್ಟು ಪಾಲು ಜನರಲ್ಲನಿಗೂ ಸಲ್ಲುತ್ತದೆ ಎಂದು ತಮಾಷೆ ಮಾಡಿದ. ರೊಮೆಲ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಆ ಟೋಪಿ ಮೇಲಿನ ಕನ್ನಡಕ ಮೆಕಿಲಿಯ ಲೂಟಿ. ಎರಡು ಗಾಡಿಗಳು ಅವನ ಮುಖ್ಯಾಲಯಕ್ಕೆ ಹೋದವು. ಗಾತ್ರ ನೋಡಿ ಜರ್ಮನರು ಅವುಗಳನ್ನು ಮ್ಯಾಮತ್ ಎಂದು ಕರೆದರು. ಮ್ಯಾಕ್ಸ್ ಮತ್ತು ಮೊರಿಟ್ಜ್ ಎಂದು ಮುದ್ದಿನ ಹೆಸರೂ ಇಟ್ಟರು. ಅದು ವಿಲ್ಹೆಲ್ಮ್ ಬುಷ್ 1865ರಲ್ಲಿ ಬರೆದ ಮಕ್ಕಳ ಚಿತ್ರಕಥೆಯ ಇಬ್ಬರು ತುಂಟ ಹುಡುಗರ ಹೆಸರು.

ಶತ್ರುವಿನ ಮನೆಯಲ್ಲಿ ವಾಸ ಮಾಡಿದವನು ರೊಮೆಲ್ ಒಬ್ಬನೇ ಅಲ್ಲ. ಮುಂದೆ ಅವನನ್ನು ಎದುರಿಸಿದ ಮಾಂಟ್ಗೊಮರಿಯ ಒಂದು ಕ್ಯಾರವಾನ್ ಇಟಲಿಯ ಜನರಲ್ ಬೆರ್ಗೊನ್ಜೋಲಿಯಿಂದ, ಇನ್ನೊಂದು ಮಾರ್ಷಲ್ ಮೆಸ್ಸೆಯಿಂದ ವಶಪಡಿಸಿಕೊಂಡದ್ದು. ಅದರೊಳಗೆ ರೊಮೆಲ್‌ನ ಫೋಟೊ ತೂಗುಹಾಕಿದ್ದನಂತೆ. ಆ ಕ್ಯಾರವಾನ್‌ಗಳು ಈಗ ಇಂಗ್ಲೆಂಡಿನ ಡಕ್ಸ್‌ಫರ್ಡ್ ಮ್ಯೂಸಿಯಮ್ಮಿನಲ್ಲಿವೆ.

ಮೆಕಿಲಿಯಲ್ಲಿ ಸಿಕ್ಕ ಭಾರತೀಯ ಸೈನಿಕರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಏಪ್ರಿಲ್‌ನಲ್ಲಿ ಸುಭಾಷ್‌ಚಂದ್ರ ಬೋಸ್ ಬರ್ಲಿನ್ ತಲುಪಿದ್ದರು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಂಥ ಕೈದಿಗಳ ನಡುವಿನಿಂದಲೇ ಅವರು ಜರ್ಮನಿಯಲ್ಲಿ ಆಜಾದ್ ಹಿಂದ್ ಲೀಜನ್ ಕಟ್ಟಲು ಹೊರಟರು. ಸೇರಿದವರು ಹಿಟ್ಲರನ ಹೆಸರಿರುವ ಪ್ರಮಾಣ ಮಾಡಬೇಕಿತ್ತು. ಹಲವರು ಸೇರಿದರು, ಹಲವರು ಒಲ್ಲೆವೆಂದು ಯುದ್ಧ ಮುಗಿಯುವ ತನಕ ಶಿಬಿರದಲ್ಲೇ ಉಳಿದರು. ಒಬ್ಬ ದೊರೆಗಾಗಿ ಮರಳಿನಲ್ಲಿ ಸಾಯುವುದು, ಇಲ್ಲವೇ ಇನ್ನೊಬ್ಬ ದೊರೆಯ ಹೆಸರಲ್ಲಿ ಆಣೆ ಇಡುವುದು. ಈ ಎರಡರ ನಡುವೆ ಒಬ್ಬ ಜಾಟ್ ಅಥವಾ ಪಂಜಾಬಿ ಮುಸಲ್ಮಾನ ಸವಾರ ಹೇಗೆ ಆರಿಸಿಕೊಂಡ ಎಂದು ಪುಣೆಯ ಫ್ಲ್ಯಾಟಿನಲ್ಲಿ ಫ್ಯಾನಿನ ಕೆಳಗೆ ಕೂತು ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಬ್ರಿಗೇಡನ್ನು ಮತ್ತೆ ಕಟ್ಟಿದರು. 1942ರ ಮೇ 27ರಂದು ಬೀರ್ ಹಕೀಮಿನ ಹತ್ತಿರ 171 ಎಂಬ ಅಂಕಿಯಷ್ಟೇ ಹೆಸರಾದ ಒಂದು ಜಾಗದಲ್ಲಿ ಇಟಲಿಯ ಅರಿಯೆತೆ ಡಿವಿಜನ್ನಿನ ಟ್ಯಾಂಕುಗಳು ಅದನ್ನು ಮತ್ತೆ ತುಳಿದವು. ಅಂದು ಫಿರಂಗಿದಳದಲ್ಲಿದ್ದ ಪಿ. ಪಿ. ಕುಮಾರಮಂಗಲಂ ಅವರಿಗೂ ಡಿಎಸ್‌ಒ ಬಂತು. ಅವರು ಸೆರೆಸಿಕ್ಕಿ, ಇಟಲಿಯಲ್ಲಿ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದು, ಕೊನೆಗೆ 1966ರಲ್ಲಿ ನಮ್ಮ ಸೇನಾ ಮುಖ್ಯಸ್ಥರಾದರು. ಚೆನ್ನೈಯಲ್ಲಿರುವ ನಮ್ಮ ಓದುಗರಿಗೆ ಅವರ ತಂದೆ ಸುಬ್ಬರಾಯನ್ ಗೊತ್ತಿರಬಹುದು. ತಾಯಿ ರಾಧಾಬಾಯಿ ನಮ್ಮ ಮಂಗಳೂರಿನವರು, ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಮಗಳು. ಒಂದು ಪ್ಲಾಸ್ಟಿಕ್ ಲಾರಿಯ ಬೆನ್ನು ಹತ್ತಿ ಲಿಬಿಯಾಕ್ಕೆ ಹೋದವನು ಮಂಗಳೂರಿಗೆ ಬಂದು ಮುಟ್ಟಿದ್ದೆ.

ಇಷ್ಟಾದ ಮೇಲೆ ಮೇಜಿಗೆ ಮರಳಿದೆ. ಒಳಗಿನ ಕೆಲಸವೇ ಒಂದು ತಿಂಗಳು ಹಿಡಿಯಿತು. ನಕಾಶೆಗಳನ್ನು ಕಂಪ್ಯೂಟರಿನಲ್ಲಿ ಚಿಕ್ಕದು ಮಾಡಿ ಮುದ್ರಿಸಿ, ಮೇಜಿನ ಮೇಲೆ ಅಂಟಿಸಿದೆ. ಒಂದು ನಕಾಶೆಯ ಅಗಲ ನನ್ನ ಹೆಬ್ಬೆರಳ ಉಗುರಿಗಿಂತ ತುಸು ಜಾಸ್ತಿ. ರೇಡಿಯೊದ ಗುಂಡಿಗಳಿಗೆ ಸೂಜಿಮೊನೆಯಿಂದ ಬಿಳಿ ಚುಕ್ಕೆ ಇಟ್ಟೆ. ಮಂಜು ಕವಿದಂತೆ ಕಣ್ಣು ಸೋತ ದಿನ ನಿಲ್ಲಿಸಿ, ಮರುದಿನ ಮತ್ತೆ ಕೂತೆ. ಗಾಡಿಯ ಪಕ್ಕಕ್ಕೆ ಕಟ್ಟುವ ಡೇರೆಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಒದ್ದೆಯಿದ್ದಾಗಲೇ ಮಡಿಕೆ ಮಾಡಿ ಒಣಗಿಸಿದೆ. ಒಣಗಿದರೆ ಅಸಲಿ ಕ್ಯಾನ್ವಾಸಿನ ಹಾಗೆ ಜೋಲುತ್ತದೆ. ಇದಿಷ್ಟೂ ಚಾವಣಿ ಮುಚ್ಚಿದ ಮೇಲೆ ಕಾಣುವುದಿಲ್ಲ. ಹಿಂದಿನ ಬಾಗಿಲು ತೆರೆದಿಟ್ಟು ಟಾರ್ಚ್ ಹಾಕಿದರೆ ಮೇಜಿನ ಒಂದು ಕಾಲು ಕಾಣುತ್ತದೆ.

ನಿಜವಾದ ಜಗಳ ಬಣ್ಣದ್ದು. ಆ ಕಾಲದ ಫೋಟೊಗಳೆಲ್ಲ ಕಪ್ಪು ಬಿಳುಪು. 1940-41ರಲ್ಲಿ ಬ್ರಿಟಿಷರು ಮರುಭೂಮಿಯ ವಾಹನಗಳಿಗೆ ಕಾಂಟರ್ ಎಂಬ ವಿನ್ಯಾಸ ಬಳಸುತ್ತಿದ್ದರು: ಮರಳುಬಣ್ಣ, ಬೆಳ್ಳಿಬೂದು, ಕಡುಬೂದು, ಮೂರೂ ನೇರ ಓರೆಪಟ್ಟೆಗಳಾಗಿ. ಅದರ ಬೆಳ್ಳಿಬೂದನ್ನು ಯಾರೋ ತಿಳಿನೀಲಿ ಎಂದು ತಪ್ಪು ತಿಳಿದು, ದಶಕಗಳ ಕಾಲ ಮ್ಯೂಸಿಯಮ್ಮಿನ ಟ್ಯಾಂಕುಗಳೂ ಕಿಟ್‌ಗಳ ಬಣ್ಣದ ಚೀಟಿಗಳೂ ನೀಲಿಯಾಗಿಯೇ ಇದ್ದವು. ದಾಖಲೆ ಹುಡುಕಿ ಇದನ್ನು ತಿದ್ದಿದವರು ಹವ್ಯಾಸಿಗಳೇ. ನಮ್ಮ ಅಹಮದ್‌ನಗರದ (ಈಗ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ ಬಂದೆ, ಪುಣೆಯಿಂದ ಮೂರು ಗಂಟೆಯ ದಾರಿ. ಹಳೆಯ ಗಾಡಿಗಳನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ತಿಳಿಯುತ್ತದೆ: ಉಕ್ಕಿನ ಮೇಲೆ ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ, ಮೂಲದ್ದು ಯಾವುದೆಂದು ಹೇಳುವುದು ಸುಲಭವಲ್ಲ. ಮ್ಯಾಮತ್‌ನ ಫೋಟೊಗಳನ್ನು ನೋಡಿ ನೋಡಿ ಸಾಕಾಗಿ, ನಾನು ಸಾದಾ ಮರಳುಬಣ್ಣವನ್ನೇ ಹಚ್ಚಿದೆ. ತಪ್ಪಿದ್ದರೆ ತಿದ್ದುವವರು ಬರೆಯಲಿ.

ಇನ್ನು ಉಳಿದದ್ದು ಜರ್ಮನ್ ಶಿಲುಬೆಯ ಸ್ಟಿಕರ್. ನೀರಿನಲ್ಲಿ ನೆನೆಸಿ ಗಾಡಿಯ ಪಕ್ಕಕ್ಕೆ ಜಾರಿಸಿ ಕೂರಿಸುವ ಎರಡು ನಿಮಿಷದ ಕೆಲಸ. ಮೂರು ವಾರ ಮುಂದೂಡಿದೆ. ರೊಮೆಲ್ ಒಳ್ಳೆಯ ಜರ್ಮನ್, ಸಭ್ಯ ಯೋಧ ಎಂಬ ಕಥೆಯನ್ನು ಬೆಳೆಸಿದವರಲ್ಲಿ ಅವನಿಂದ ಸೋತ ಬ್ರಿಟಿಷರೇ ಮುಂದು. ಅವನು ಹಿಟ್ಲರನ ಮೆಚ್ಚಿನ ಸೇನಾನಿಯಾಗಿದ್ದ ಎಂಬುದು ಆ ಕಥೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಶಿಲುಬೆ ಹಚ್ಚದೆ, ಮೆಕಿಲಿಯ ಬೆಳಗಿನ ಬ್ರಿಟಿಷ್ ಗಾಡಿಯಾಗಿಯೇ ಬಿಡೋಣ, ಪಕ್ಕದಲ್ಲಿ ನಮ್ಮ ಒಬ್ಬ ಸವಾರನನ್ನು ನಿಲ್ಲಿಸೋಣ ಎಂದುಕೊಂಡೆ. ಮನಸ್ಸು ಬದಲಾದದ್ದು ಅದೇ ವರ್ಷದ ನವೆಂಬರಿನ ಒಂದು ಘಟನೆ ಓದಿದ ಮೇಲೆ.

ನವೆಂಬರ್ 1941. ಬ್ರಿಟಿಷರ ಕ್ರುಸೇಡರ್ ದಾಳಿ ನಡೆದಿದೆ. 24ರಂದು ರೊಮೆಲ್ ಇದ್ದ ಬದ್ದ ಟ್ಯಾಂಕುಗಳನ್ನು ಒಟ್ಟುಗೂಡಿಸಿ ಈಜಿಪ್ಟ್ ಗಡಿಯ ಕಡೆ ಧಾವಿಸಿದ. ಗಡಿ ಎಂದರೆ ಒಂದು ತಂತಿಬೇಲಿ. ಹತ್ತು ವರ್ಷ ಹಿಂದೆ ಲಿಬಿಯನ್ನರ ಬಂಡಾಯ ಹತ್ತಿಕ್ಕಲು ಇಟಲಿಯವರು ಮರುಭೂಮಿಗೆ ಅಡ್ಡಲಾಗಿ ಹಾಕಿದ, ಇನ್ನೂರೈವತ್ತು ಕಿಲೋಮೀಟರಿಗಿಂತ ಉದ್ದದ ಮುಳ್ಳುತಂತಿ. ಸಂಜೆ ಹೊತ್ತಿಗೆ ಅದನ್ನು ದಾಟಿ ಈಜಿಪ್ಟಿನ ಕಡೆ ಇದ್ದಾಗ ರೊಮೆಲ್‌ನ ಕಾರು ಕೆಟ್ಟು ನಿಂತಿತು. ಚಳಿ. ಅದೃಷ್ಟಕ್ಕೆ ಆಫ್ರಿಕಾ ಕೋರ್‌ನ ಮುಖ್ಯಸ್ಥ ಕ್ರುವೆಲ್ ತನ್ನ ಮ್ಯಾಮತ್‌ನಲ್ಲಿ ಅದೇ ದಾರಿಯಲ್ಲಿ ಬಂದ. ಎಲ್ಲರೂ ಅದರೊಳಗೆ ತುಂಬಿಕೊಂಡರು, ಹತ್ತು ಮಂದಿ ಅಧಿಕಾರಿಗಳು, ಐದು ಮಂದಿ ಸೈನಿಕರು. ಕತ್ತಲಲ್ಲಿ ಬೇಲಿ ದಾಟುವ ಕಿಂಡಿ ಸಿಗಲಿಲ್ಲ. ಗಾಡಿಯಿಂದ ಗುದ್ದಿ ದಾರಿ ಮಾಡಲು ನೋಡಿದರು, ಆಗಲಿಲ್ಲ. ರೊಮೆಲ್ ತಾನೇ ಮುಂದಾಳಾಗಿ ಯತ್ನಿಸಿದ, ಅವನಿಂದಲೂ ಆಗಲಿಲ್ಲ. ಕೊನೆಗೆ ಅಲ್ಲೇ ರಾತ್ರಿ ಕಳೆದರು.

ಆ ಪ್ರದೇಶ ನಾಲ್ಕನೇ ಇಂಡಿಯನ್ ಡಿವಿಜನ್ನಿನದು. ಎರಡು ದಿನ ಹಿಂದಷ್ಟೇ ಅದರ ಏಳನೇ ಬ್ರಿಗೇಡ್ ಅಲ್ಲೇ ಹತ್ತಿರದ ಸಿದಿ ಒಮರ್ ಎಂಬ ಭದ್ರನೆಲೆಗೆ ನುಗ್ಗಿತ್ತು. ಅಂದು ಕ್ರುವೆಲ್‌ನ ಜೊತೆಯಿದ್ದ ಬಾಯರ್‌ಲೈನ್ ಯುದ್ಧ ಮುಗಿದ ಮೇಲೆ ಬರೆದಿರುವ ಪ್ರಕಾರ, ಭಾರತೀಯ ಸಂದೇಶವಾಹಕರು ಮೋಟಾರ್‌ಸೈಕಲ್ಲಿನಲ್ಲಿ ಅತ್ತಿಂದಿತ್ತ ಹೋಗುತ್ತಲೇ ಇದ್ದರು, ಲಾರಿಗಳೂ ಟ್ಯಾಂಕುಗಳೂ ಹಾದುಹೋದವು. ಕೆಲವೊಮ್ಮೆ ಇನ್ನೂರು ಮುನ್ನೂರು ಗಜ ದೂರದಲ್ಲಿ. ಯಾರೂ ತಿರುಗಿ ನೋಡಲಿಲ್ಲ, ಏಕೆಂದರೆ ನಿಂತದ್ದು ಬ್ರಿಟಿಷ್ ಗಾಡಿ. ಯಾರದೋ ಸಾಹೇಬರ ಡಾರ್ಚೆಸ್ಟರ್. ಬೆಳಗಾಗುತ್ತಲೇ ಕಿಂಡಿ ಸಿಕ್ಕಿತು, ಅವರು ಹೊರಟುಹೋದರು.

ಇದಕ್ಕೆ ಸಾಕ್ಷಿ ಗಾಡಿಯೊಳಗಿದ್ದವರ ಮಾತು ಮಾತ್ರ, ರೊಮೆಲ್‌ನ ಅದೃಷ್ಟದ ಕಥೆ ಹೇಳುವುದೆಂದರೆ ಅವನ ಅಧಿಕಾರಿಗಳಿಗೆ ಬಲು ಇಷ್ಟ ಎಂಬುದನ್ನು ನೆನಪಿಡಬೇಕು. ಆದರೂ ನನ್ನನ್ನು ಹಿಡಿದಿಟ್ಟದ್ದು ಗಾಡಿಯ ಹೊರಗಿದ್ದ ಹುಡುಗ. ಜೇಬಿನಲ್ಲಿ ಚೀಟಿ, ಹೆಡ್‌ಲೈಟಿಗೆ ಕಪ್ಪು ಬಟ್ಟೆ, ಮೂಗಿಗೆ ಮರಳು. ಏಪ್ರಿಲ್‌ನಲ್ಲಿ ತನ್ನಂಥವರು ಮೆಕಿಲಿಯಲ್ಲಿ ಕಳೆದುಕೊಂಡ ಮೂರು ಗಾಡಿಗಳಲ್ಲಿ ಒಂದು ಪಕ್ಕದಲ್ಲೇ ನಿಂತಿದೆ, ಒಳಗೆ ಶತ್ರುವಿನ ಇಡೀ ಮುಖ್ಯಾಲಯ ಉಸಿರು ಬಿಗಿಹಿಡಿದು ಕೂತಿದೆ. ಅವನು ಒಮ್ಮೆ ನಿಲ್ಲಿಸಿ ದಾರಿ ಕೇಳಿದ್ದರೆ? ಕೇಳಲಾರ. ಸಾಹೇಬರ ಗಾಡಿಯ ಬಾಗಿಲು ತಟ್ಟುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಶಿಲುಬೆ ಹಚ್ಚಿದೆ. ಅದರ ಮೇಲೆ ಧೂಳಿನ ಬಣ್ಣ ಎಷ್ಟು ಎಳೆದೆನೆಂದರೆ ಹತ್ತಿರ ಹೋಗದೆ ಕಾಣುವುದಿಲ್ಲ. ಟಾಮಿಯಾದ ಬಿಎಸ್‌ಎ ಮೋಟಾರ್‌ಸೈಕಲ್ ಕಿಟ್ ತರಿಸಿ, ಅದರ ಇಂಗ್ಲಿಷ್ ಸವಾರನ ತಲೆಯಿಂದ ಹೆಲ್ಮೆಟ್ ಕೆರೆದು ತೆಗೆದು, ಎಂ-ಸೀಲಿನಿಂದ ಪೇಟ ಸುತ್ತಿದೆ. ಅರ್ಧ ಗಂಟೆಯೊಳಗೆ ಗಟ್ಟಿಯಾಗುವ ವಸ್ತುವಿನಲ್ಲಿ ಪೇಟದ ಸುತ್ತು ಮೂಡಿಸುವುದು ನನ್ನಿಂದ ಮೂರನೇ ಸಲಕ್ಕೆ ಸಾಧ್ಯವಾಯಿತು.

ಎರಡನ್ನೂ ಒಂದೇ ಹಲಗೆಯ ಮೇಲೆ ಕೂರಿಸಬೇಕೆಂದಿದ್ದೆ. ಲೆಕ್ಕ ಹಾಕಿದೆ. ಇನ್ನೂರು ಗಜ ಎಂದರೆ 183 ಮೀಟರ್. 35ರಿಂದ ಭಾಗಿಸಿದರೆ ಐದು ಮೀಟರಿಗಿಂತ ಹೆಚ್ಚು. ಅಷ್ಟುದ್ದದ ಹಲಗೆ ಎಲ್ಲಿ ಇಡುವುದು? ಮಗಳು ಟೇಪು ಹಿಡಿದು ಬಂದಳು. ಹಾಲ್‌ನ ಮೂಲೆಯ ಶೋಕೇಸಿನಿಂದ ಅಡುಗೆಮನೆಯ ಬಾಗಿಲ ಪಕ್ಕದ ಪುಸ್ತಕದ ಕಪಾಟಿಗೆ 5 ಮೀಟರ್ 40 ಸೆಂಟಿಮೀಟರ್. ಗಾಡಿ ಶೋಕೇಸಿನಲ್ಲಿದೆ. ಸವಾರ ಕಪಾಟಿನ ಮೇಲಿದ್ದಾನೆ, ಗೋಡೆಯ ಕಡೆ ಮುಖ ಮಾಡಿ. ಮನೆಗೆ ಬಂದವರು ಗಾಡಿ ನೋಡಿ ಮೆಚ್ಚುತ್ತಾರೆ, ಅವನು ಯಾರಿಗೂ ಕಾಣುವುದಿಲ್ಲ. ಧೂಳು ಒರೆಸುವ ಮಾವಶಿ ಮಾತ್ರ ಅವನನ್ನು ದಿನಾ ಎತ್ತಿ, ಒರೆಸಿ, ತಮಗೆ ತೋಚಿದ ದಿಕ್ಕಿಗೆ ಇಡುತ್ತಾರೆ. ಮೊನ್ನೆ ನೋಡಿದರೆ ಗಾಡಿಯ ಕಡೆಗೇ ಹೊರಟಿದ್ದ. ತಿರುಗಿಸಿ ಇಡಲು ಕೈ ಚಾಚಿದೆ. ಮಗಳು ಬೇಡ ಎಂದಳು.